ಜ್ವರಕ್ಕೆ ಕೂತ ಏಡಿ

“ಗಂಟಿಲ್ಲ ಕಣವ್ವ, ನಿನ್ ಏಡಿ ಪಾಸು!”

ರಾಮನಗರದಿಂದ ಬಂದು ಕೈಲಾಂಚದಲ್ಲಿ ಬಸ್ಸಿಳಿದು, ಬೆವರು ಒರೆಸಿಕೊಳ್ಳುತ್ತಾ ಜಗುಲಿ ಹತ್ತುತ್ತಿದ್ದ ನನಗೆ ದೊಡ್ಡವ್ವ ಹೇಳಿದ ಮೊದಲ ಮಾತು ಇದು. ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತಾ ಬಾಗಿಲಲ್ಲಿ ನಿಂತಿದ್ದಳು. ಮುಖದಲ್ಲಿ ಮಗಳಿಗೆ ಗಂಡು ಗೊತ್ತಾದಷ್ಟು ಖುಷಿ. ಯಾವ ಗಂಟು, ಯಾವ ಪಾಸು ಎಂದು ಕೇಳಬೇಕೆನ್ನುವಷ್ಟರಲ್ಲಿ ನನ್ನ ಕಣ್ಣು ಒಳಗೆ ಕಿಟಕಿ ಪಕ್ಕದ ಮೇಜಿಗೆ ಹೋಯಿತು. ಬೆಳಿಗ್ಗೆ ನಾನೇ ಬಿಗಿಯಾಗಿ ಮುಚ್ಚಿಟ್ಟು ಹೋಗಿದ್ದ ಪುಟ್ಟ ಸೀಸೆಯ ಮುಚ್ಚಳ ತೆರೆದಿತ್ತು. ಪಕ್ಕದಲ್ಲಿ ದೊಡ್ಡವ್ವನ ಪಿಂಗಾಣಿ ಕಲ್ಬತ್ತು. ಅದರ ತಳದಲ್ಲಿ ಬೂದು ಬಣ್ಣದ, ಅರ್ಧ ಚಮಚದಷ್ಟು ಗಂಜಿಯಂಥದ್ದು.

“ದೊಡ್ಡವ್ವ, ಈ ಸೀಸೇಲಿದ್ದ ಏಡಿ ಎಲ್ಲಿ?”

“ಅರ್ದೆ ಕಣವ್ವ,” ಎಂದಳು, ಅದರಲ್ಲಿ ಕೇಳುವುದೇನಿದೆ ಎನ್ನುವಂತೆ. “ಅರೀದೆ ನೋಡಕ್ಕಾಯ್ತದಾ?”

ಹೊಸಿಲ ಮೇಲೆ ಕುಸಿದು ಕೂತೆ.

ದೊಡ್ಡವ್ವ ಅರೆದದ್ದು ಏನನ್ನು ಎಂದು ಹೇಳಿಬಿಡುತ್ತೇನೆ. ತೊಗರಿಬೇಳೆಯಷ್ಟು ದಪ್ಪದ ಒಂದು ಸಮುದ್ರದ ಏಡಿ. ಸತ್ತು ಎರಡು ವರ್ಷವಾಗಿ ಸ್ಪಿರಿಟ್ಟಿನಲ್ಲಿ ಮಲಗಿದ್ದದ್ದು. ಅಂಥದ್ದು ಈವರೆಗೆ ಜಗತ್ತಿನಲ್ಲಿ ಒಂದೇ ಒಂದು ಸಿಕ್ಕಿತ್ತು, ಅದು ನನಗೆ ಸಿಕ್ಕಿತ್ತು. ನನ್ನ ಆರು ವರ್ಷದ ಓದು, ಒಪ್ಪಿಗೆಯಾಗಿ ಅಚ್ಚಿಗೆ ಕಾದಿದ್ದ ಲೇಖನ, ಸಿಗಬೇಕಾದ ಡಾಕ್ಟರೇಟು, ಎಲ್ಲ ಆ ಬೇಳೆಕಾಳಿನ ಮೇಲೆ ನಿಂತಿತ್ತು.

ಇದನ್ನು ನಮ್ಮೂರಲ್ಲಿ ಯಾರಿಗೂ ಸರಿಯಾಗಿ ವಿವರಿಸಲು ನನ್ನಿಂದ ಆಗಿಲ್ಲ. ಏಡಿ ಎಂದರೆ ಇಲ್ಲಿಯವರಿಗೆ ಗದ್ದೆ ಬದುವಿನದು, ಸಾರಿಗೆ ಆಗುವುದು. “ನಮ್ ಸೌಮ್ಯ ಏಡಿ ಓದ್ತಾವ್ಳೆ” ಎಂದು ದೊಡ್ಡಪ್ಪ ಪುಟ್ಟಸ್ವಾಮಿ ಡೈರಿಯ ಮುಂದೆ ಹೇಳಿ ಎಲ್ಲರನ್ನೂ ನಗಿಸುವುದು ಮಾಮೂಲು. ನನ್ನ ಏಡಿಗಳು ಬೇರೆ. ಕಾರವಾರದ ಬಳಿಯ ಅಳಿವೆಯಲ್ಲಿ ನೀರು ಇಳಿದಾಗ ಕೆಸರಿನೊಳಗೆ ಕೈ ಹಾಕಿದರೆ ಕಾಗದದಂಥ ಕೊಳವೆಗಳು ಸಿಗುತ್ತವೆ. ಅವು ಒಂದು ಜಾತಿಯ ಹುಳದ ಮನೆಗಳು. ಹುಳ ತನ್ನ ಮನೆಯೊಳಗೆ ಕೂತು ನೀರು ಎಳೆದುಕೊಳ್ಳುತ್ತಾ ಬದುಕುತ್ತದೆ. ಅದರ ಪಕ್ಕದಲ್ಲೇ, ಅದೇ ಕೊಳವೆಯಲ್ಲಿ, ಬಾಡಿಗೆಯಿಲ್ಲದೆ ಒಂದು ಜೊತೆ ಪುಟ್ಟ ಏಡಿ ಸಂಸಾರ ಮಾಡುತ್ತದೆ. ಹುಳ ಎಳೆದ ನೀರಿನಲ್ಲಿ ಬಂದದ್ದೇ ಅವಕ್ಕೂ ಊಟ. ಒಮ್ಮೆ ಒಳಗೆ ಸೇರಿ ಬಲಿತ ಮೇಲೆ ಹೊರಗೆ ಬರಲಾರವು.

ಹೊರಗೆ ಬಾರದವರನ್ನು ಗುರುತಿಸುವುದು ಕಷ್ಟ. ಎಲ್ಲವೂ ಬಿಳಿಚಿಕೊಂಡು ಒಂದೇ ಥರ ಇರುತ್ತವೆ. ಯಾವುದು ಯಾವ ಜಾತಿ ಎಂದು ಹೇಳಲು ಕಾಲಿನ ಕೊನೆಯ ಗೆಣ್ಣು ಎಷ್ಟು ಬಾಗಿದೆ, ಅದರ ಮೇಲೆ ಕೂದಲಿದೆಯೋ ಇಲ್ಲವೋ, ಹೊಟ್ಟೆಯ ಕೆಳಗೆ ಮಡಿಚಿಕೊಂಡ ಪಟ್ಟಿ ಎಷ್ಟು ಅಗಲ ಎಂದೆಲ್ಲ ಅಳೆಯಬೇಕು. ನೂರು ವರ್ಷದಿಂದ ಅಳೆದವರು ಸಾಕಷ್ಟು ಗೊಂದಲ ಮಾಡಿಟ್ಟಿದ್ದಾರೆ. ಗಂಡಿಗೊಂದು ಹೆಸರು, ಅದರ ಹೆಂಡತಿಗೆ ಇನ್ನೊಂದು ಹೆಸರು ಕೊಟ್ಟು ಎರಡು ಜಾತಿ ಮಾಡಿದವರೂ ಇದ್ದಾರೆ. ನಾನು ಐದು ವರ್ಷ ಕೂತು ನಮ್ಮ ಕರಾವಳಿಯ ಈ ಏಡಿಗಳನ್ನು ಒಂಬತ್ತು ಜಾತಿಗಳಾಗಿ ವಿಂಗಡಿಸಿದೆ. ಒಂಬತ್ತೂ ಹಳೆಯವೇ, ಬೇರೆಯವರು ಹೆಸರಿಟ್ಟವು. ಹತ್ತನೆಯದು ನನ್ನದು. ಅದೊಂದು ಹೆಣ್ಣು, ಆದರೆ ಹೊಟ್ಟೆಪಟ್ಟಿ ಕಿರಿದು, ಕಾಲಿನ ಕೊನೆಯ ಗೆಣ್ಣಿನ ಮೇಲೆ ಕೂದಲು. ಇಷ್ಟು ಕಿರಿದಾದ ಪಟ್ಟಿಯ ಹೆಣ್ಣು ಈ ಬಳಗದಲ್ಲೇ ಇಲ್ಲ ಎನ್ನುವುದೇ ನನ್ನ ಹೊಸ ಜಾತಿಯ ಗುರುತು.

ಹೊಸ ಜಾತಿ ಎಂದು ಹೇಳಿದರೆ ಸಾಲದು. ಹೆಸರು ನಿಲ್ಲಬೇಕಾದರೆ ಆ ಒಂದು ಏಡಿ ಮ್ಯೂಸಿಯಂ ಸೇರಬೇಕು. ನಾಳೆ ಯಾರಾದರೂ ಅನುಮಾನಪಟ್ಟರೆ ತೆಗೆದು ತೋರಿಸಲು ಅದು ಅಲ್ಲಿರಬೇಕು. ಅಂಥ ಮಾದರಿಯನ್ನು ಯಾರೂ ಮನೆಗೆ ತರುವುದಿಲ್ಲ. ನಾನು ತಂದಿದ್ದೆ. ಲ್ಯಾಬಿನಲ್ಲಿ ವೈರಿಂಗ್ ಕೆಲಸವೆಂದು ಎರಡು ವಾರ ಬೀಗ ಹಾಕಿದ್ದರು, ಲೇಖನ ಒಪ್ಪಿದ ವಿಜ್ಞಾನ ಪತ್ರಿಕೆಯವರು ಕೊನೆಯ ಜೊತೆ ಕಾಲಿನ ಚಿತ್ರ ಮತ್ತೊಮ್ಮೆ ಬರೆದು ಕಳಿಸಿ ಎಂದು ಗಡುವು ಕೊಟ್ಟಿದ್ದರು. ಗೈಡ್ ಬಾಲರಾಜು ಸರ್‌ಗೆ ಹೇಳದೆ, ಎರಡು ಮೈಕ್ರೋಸ್ಕೋಪು, ಒಂಬತ್ತು ಜಾತಿಯ ಒಂಬತ್ತು ಸೀಸೆ, ಜೊತೆಗೆ ಆ ಒಂದು ಪುಟ್ಟ ಸೀಸೆಯನ್ನು ಸೀರೆಯಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟುಕೊಂಡು ಬಂದುಬಿಟ್ಟೆ. ನನ್ನ ಸ್ವಂತ ಊರು ಮಾಗಡಿ ಕಡೆ ತಿಪ್ಪಸಂದ್ರ. ಆದರೆ ಹೈಸ್ಕೂಲಿನಿಂದ ನಾನು ಬೆಳೆದದ್ದು ಕೈಲಾಂಚದಲ್ಲಿ, ನಮ್ಮವ್ವನ ಅಕ್ಕನ ಮನೆಯಲ್ಲಿ. ಇಲ್ಲಿಗಿಂತ ಭದ್ರವಾದ ಜಾಗ ನನಗೆ ಗೊತ್ತಿರಲಿಲ್ಲ.

ಈಗ ದೊಡ್ಡವ್ವ. ಸಿದ್ದಮ್ಮ ಎಂದು ಅವಳ ಹೆಸರು. ಇಪ್ಪತ್ತಾರು ವರ್ಷ ರಾಮನಗರದ ಒಂದು ಖಾಸಗಿ ಗ್ರೈನೇಜಿನಲ್ಲಿ, ಅಂದರೆ ರೇಷ್ಮೆಹುಳದ ಮೊಟ್ಟೆ ತಯಾರಿಸಿ ರೈತರಿಗೆ ಕೊಡುವ ಕಡೆ, ಕೆಲಸ ಮಾಡಿದವಳು. ಗೂಡು ಕತ್ತರಿಸಿ ಒಳಗಿನ ಹುಳ ತೆಗೆದು, ಬಾಲದ ಕಡೆ ಒಂದು ನೋಟ ಹಾಯಿಸಿ ಇದು ಗಂಡು, ಇದು ಹೆಣ್ಣು ಎಂದು ಎಸೆಯುತ್ತಿದ್ದ ಕೈ ಅದು. ಚಿಟ್ಟೆ ಮೊಟ್ಟೆಯಿಟ್ಟ ಮೇಲೆ ತಾಯಿಚಿಟ್ಟೆಯನ್ನು ಸೋಡಾ ನೀರು ಬಿಟ್ಟು ಕಲ್ಬತ್ತಿನಲ್ಲಿ ಅರೆದು, ಒಂದು ತೊಟ್ಟು ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಗಂಟುರೋಗದ ಹೊಳೆಯುವ ಕಾಳು ಕಂಡರೆ ಆ ತಾಯಿಯ ಮೊಟ್ಟೆಯೆಲ್ಲ ಬೆಂಕಿಗೆ. ಕಾಣದಿದ್ದರೆ ಪಾಸು. ದೊಡ್ಡವ್ವ ಹಾಗೆ ಅರೆದು ನೋಡಿದ ತಾಯಂದಿರು ಲಕ್ಷಗಟ್ಟಲೆ. ಇಡೀ ಚಿಟ್ಟೆಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟವರನ್ನು ಅವಳು ಜನ್ಮದಲ್ಲಿ ನೋಡಿಲ್ಲ.

“ಮೂರ್ ದಿವ್ಸದಿಂದ ನೋಡ್ತಾನೇ ಇವ್ನಿ ಮಗ,” ಎಂದಳು ನನ್ನ ಪಕ್ಕ ಕೂರುತ್ತಾ. “ಇಡೀ ಹುಳ ಇಟ್ಕಂಡು ಬಗ್ಗಿ ಬಗ್ಗಿ ನೋಡ್ತೀಯ, ಬರೀತೀಯ, ಅಳುಸ್ತೀಯ. ಕಣ್ಣೆಲ್ಲಾ ಕೆಂಪ್ಗಾಗೋಗಿತ್ತು. ಯಾರೂ ಹೇಳ್ಕೊಟ್ಟಿಲ್ಲ ಕೂಸಿಗೆ, ಕಾಲೇಜ್ನೋರು ಏನ್ ಮಣ್ಣು ಹೇಳ್ಕೊಡ್ತಾರೆ ಅಂದ್ಕಂಡೆ. ಹೆಣ್ಣು ಅಂದಿದ್ಯಲ್ಲ ನೀನು. ನೀನು ಬರೋವತ್ಗೆ ನಾನೇ ಒಸಿ ನೋಡಿ ಮುಗ್ಸಾನ ಅಂತ.”

“ಯಾರ್ ಹೇಳಿದ್ದು ನಿಂಗೆ ಮುಟ್ಟು ಅಂತ?” ಬೀದಿಗೆ ಕೇಳುವಷ್ಟು ಜೋರಾಗಿ ಕೂಗಿದೆ. “ಆರ್ ವರ್ಷ ದೊಡ್ಡವ್ವ! ಆರ್ ವರ್ಷ ಕೆಸರಲ್ಲಿ ಬಿದ್ದು ಒದ್ದಾಡಿದೀನಿ. ಪ್ರಪಂಚದಲ್ಲೇ ಒಂದಿತ್ತು, ಒಂದೇ ಒಂದು! ಚಟ್ನಿ ಅರ್ದಂಗೆ ಅರ್ದ್ಬುಟ್ಯಲ್ಲ! ಅಕ್ಷರ ಗೊತ್ತಿಲ್ದಿದ್ರೆ ಸುಮ್ನಿರಕ್ಕೂ ಗೊತ್ತಿಲ್ವಾ ನಿಂಗೆ?”

ಕೊನೆಯ ಮಾತು ಆಡಿದ ಕ್ಷಣವೇ ನಾಲಿಗೆ ಕಚ್ಚಿಕೊಂಡೆ. ಆಡಿಯಾಗಿತ್ತು.

ದೊಡ್ಡಪ್ಪ ಅದೇ ಹೊತ್ತಿಗೆ ಹಾಲಿನ ಕ್ಯಾನ್ ಹಿಡಿದು ಒಳಗೆ ಬಂದ. “ಏನ್ ಗಲಾಟೆ? ಏಡಿ ಸಾರು ಮಾಡ್ಬುಟ್ಲಾ ನಿಮ್ ದೊಡ್ಡವ್ವ?” ಎಂದು ನಕ್ಕ. ಇಬ್ಬರ ಮುಖ ನೋಡಿ ನಗು ಅರ್ಧಕ್ಕೆ ನಿಲ್ಲಿಸಿ, ಕ್ಯಾನನ್ನು ಸದ್ದಾಗದಂತೆ ಇಟ್ಟು ಹಿತ್ತಲಿಗೆ ಹೋದ.

ದೊಡ್ಡವ್ವ ಅಳಲಿಲ್ಲ. ಅವಳ ಕೈಗಳು ಮಡಿಲಲ್ಲಿ ಹಾಗೇ ಬಿದ್ದಿದ್ದವು. “ಒಂದೇನಾ ಇದ್ದದ್ದು?” ಎಂದು ಕೇಳಿದಳು. ಮತ್ತೆ, “ಇನ್ನೊಂದ್ ಸಿಗಾಕಿಲ್ವಾ?” ಎಂದಳು. ನಾನು ತಲೆಯಾಡಿಸಿದೆ. ಎರಡು ವರ್ಷದಲ್ಲಿ ಅದೇ ಕೆಸರಿನಲ್ಲಿ ನಾನೂರು ಕೊಳವೆ ಸೀಳಿ ನೋಡಿದ್ದೆ, ಇನ್ನೊಂದು ಸಿಕ್ಕಿರಲಿಲ್ಲ. ಅವಳ ಮುಖದ ಬಣ್ಣ ಇಳಿಯುವುದನ್ನು ನೋಡುತ್ತಾ ಕೂತೆ. ಅಷ್ಟು ಹೊತ್ತೂ ಅವಳು ನನಗೆ ಉಪಕಾರ ಮಾಡಿದ್ದೇನೆ ಎಂದೇ ತಿಳಿದಿದ್ದಳು.

“ಚಿಪ್ಪು ಅರೀಲಿಲ್ಲ ಕಣವ್ವ,” ಎಂದಳು ಆಮೇಲೆ, ತಪ್ಪು ಮಾಡಿದ ಹುಡುಗಿಯ ದನಿಯಲ್ಲಿ. “ಗಟ್ಟಿಗಿತ್ತು, ಅರ್ಯಕ್ಕೆ ಆಗಾಕಿಲ್ಲ ಅಂತ ತೆಗ್ದಿಟ್ಟಿವ್ನಿ. ತಟ್ಟೇಲೈತೆ ನೋಡು.”

ಎದ್ದು ಓಡಿದೆ. ಮೈಕ್ರೋಸ್ಕೋಪಿನ ಹಿಂದೆ ಚಹಾದ ತಟ್ಟೆಯಲ್ಲಿ, ಸ್ಪಿರಿಟ್ಟಿನ ತೇವದಲ್ಲಿ, ನನ್ನ ಏಡಿ ಕೂತಿತ್ತು. ಬೆನ್ನು, ಕಚ್ಚುವ ಎರಡು ಕೊಂಬು, ಎಂಟು ಕಾಲು, ಕಿರಿದಾದ ಹೊಟ್ಟೆಪಟ್ಟಿ, ಎಲ್ಲವೂ ಇದ್ದಲ್ಲೇ ಇದ್ದವು. ಒಂದು ಕ್ಷಣ ದೊಡ್ಡವ್ವ ಬೇರೆ ಯಾವುದನ್ನೋ ಅರೆದಿದ್ದಾಳೆ ಎಂದುಕೊಂಡು ದೇವರನ್ನು ನೆನೆದೆ. ಚಿಮುಟದ ತುದಿಯಿಂದ ಮುಟ್ಟಿದೆ. ಅದು ಹಗುರವಾಗಿ ಮಗುಚಿಕೊಂಡಿತು. ಒಳಗೆ ಏನೂ ಇರಲಿಲ್ಲ.

ಕೈ ನಿಂತುಹೋಯಿತು. ಏಡಿಯ ಚಿಪ್ಪು ಬಾಳೆಹಣ್ಣಿನ ಸಿಪ್ಪೆಯಲ್ಲ, ಹೀಗೆ ಕಾಲುಗಳ ತುದಿಯವರೆಗೆ ಇಡಿಯಾಗಿ ಬಿಟ್ಟುಬರಲು. ನಾನು ಹತ್ತಾರು ಏಡಿಗಳನ್ನು ಬಿಡಿಸಿದ್ದೇನೆ, ಚೂರು ಚೂರಾಗಿಯೇ ಬರುತ್ತದೆ.

“ದೊಡ್ಡವ್ವ, ಇದು ಇಡೀದಾಗಿ ಹೆಂಗ್ ಬಂತು?”

“ಸೂಜಿ ಮುಟ್ಟುಸ್ತಿದ್ದಂಗೆ ಬಂದ್ಬುಡ್ತು. ಜ್ವರಕ್ಕೆ ಕೂತಿತ್ತಲ್ಲ ಅದು.”

ಕೈಲಾಂಚದಲ್ಲಿ ಹುಟ್ಟಿದ ಮಗುವಿಗೂ ಜ್ವರ ಎಂದರೆ ಗೊತ್ತು. ರೇಷ್ಮೆಹುಳ ನಾಲ್ಕು ಸಲ ಸೊಪ್ಪು ತಿನ್ನುವುದು ಬಿಟ್ಟು, ತಲೆಯೆತ್ತಿ ಅಲುಗಾಡದೆ ಕೂರುತ್ತದೆ. ಹಳೆಯ ಚರ್ಮದೊಳಗೆ ಹೊಸ ಚರ್ಮ ಬೆಳೆಯುವ ಹೊತ್ತು ಅದು. ಹಳೆಯದನ್ನು ಕಳಚಿ ಎದ್ದರೆ ಜ್ವರ ಎದ್ದಿತು ಎನ್ನುತ್ತಾರೆ. ಮನೆಯಲ್ಲಿ ಹುಳವಿದ್ದಾಗ ದಿನಕ್ಕೆ ಹತ್ತು ಸಲ ಈ ಮಾತು ಕೇಳಿ ಬೆಳೆದವಳು ನಾನು. ಏಡಿಯೂ ಹಾಗೇ ಚಿಪ್ಪು ಕಳಚಿ ದೊಡ್ಡದಾಗುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಚಿನ್ನದ ಪದಕ ತೆಗೆದುಕೊಂಡವಳೂ ನಾನೇ. ಎರಡನ್ನೂ ಒಂದೇ ತಲೆಯಲ್ಲಿಟ್ಟುಕೊಂಡು ಎಂದೂ ಯೋಚಿಸಿರಲಿಲ್ಲ.

“ಒಳಗಡೆ ಏನಿತ್ತು?” ಎಂದು ಕೇಳಿದೆ.

“ಇನ್ನೊಂದ್ ಏಡಿ,” ಎಂದಳು ದೊಡ್ಡವ್ವ. “ಮೆತ್ತಗಿತ್ತು. ಹೊಟ್ಟೆ ಮೇಲಿಂದು ಈ ಚಿಪ್ಪಿನ್ ಥರ ಕಿರ್ದಾಗಿರ್ಲಿಲ್ಲ, ಅಗಲ್ವಾಗಿ ಮುದ್ರಿ ಮಡ್ಚಿಕೊಂಡಿತ್ತು. ಕಾಲ್ಮೇಲೆ ಕೂದ್ಲಿರ್ಲಿಲ್ಲ. ಹೆಣ್ಣಾಗಕ್ಕೆ ಹೊಂಟಿದ್ದ ಕೂಸು ಅದು, ಬಲಿತಿರ್ಲಿಲ್ಲ ಇನ್ನೂವೆ.”

“ಸುಳ್ಳು.”

“ಸುಳ್ಯಾಕ್ ಹೇಳ್ಲಿ? ನಿನ್ ಸೀಸೇಲೇ ಐತಲ್ಲ ಅಂಥದ್ದು.”

ಒಂಬತ್ತು ಸೀಸೆಗಳನ್ನು ಅವಳ ಮುಂದೆ ಸಾಲಾಗಿ ಇಟ್ಟೆ. ಮೇಲಿನ ಚೀಟಿಗಳು ಇಂಗ್ಲಿಷಿನವು, ಅವಳಿಗೆ ಓದಲು ಬರದು. ಅವಳು ಚೀಟಿ ನೋಡಲೂ ಇಲ್ಲ. ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು, ಅಲುಗಾಡಿಸಿ, ಒಳಗಿನ ಏಡಿ ಬೆನ್ನಡಿಯಾಗುವುದನ್ನು ಕಾದು, ಪಕ್ಕಕ್ಕಿಟ್ಟಳು. ಮೂರನೆಯದನ್ನು ನನ್ನ ಕೈಗೆ ಕೊಟ್ಟಳು. ನಮ್ಮ ಕರಾವಳಿಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಸಿಗುವ ಜಾತಿ ಅದು. ನೂರು ಕೊಳವೆ ಸೀಳಿದರೆ ಎಪ್ಪತ್ತರಲ್ಲಿ ಇರುತ್ತದೆ. ಅಷ್ಟು ಸಿಕ್ಕಿದರೂ ಬಲಿತವೇ ಸಿಕ್ಕಿದ್ದವು. ಅದರ ಎಳೆಯ ಹೆಣ್ಣು ಹೇಗಿರುತ್ತದೆ ಎಂದು ನನಗಷ್ಟೇ ಅಲ್ಲ, ಯಾರಿಗೂ ಗೊತ್ತಿರಲಿಲ್ಲ.

ಕಲ್ಬತ್ತಿನ ಗಂಜಿಯನ್ನು ಗಾಜಿನ ಬಟ್ಟಲಿಗೆ ಸುರಿದು, ನೀರು ಬಿಟ್ಟು, ಮೈಕ್ರೋಸ್ಕೋಪಿನ ಕೆಳಗೆ ಹುಡುಕತೊಡಗಿದೆ. ದೊಡ್ಡವ್ವ ಚೆನ್ನಾಗಿಯೇ ಅರೆದಿದ್ದಳು. ಒಂದು ಗಂಟೆಯ ಮೇಲೆ ಉಗುರಿನ ತುದಿಯಷ್ಟೂ ಇಲ್ಲದ ಒಂದು ಮೆತ್ತನೆಯ ತುಣುಕು ಸಿಕ್ಕಿತು. ಹೊಟ್ಟೆಪಟ್ಟಿಯ ಅಂಚು. ಅಂಚಿನ ತುಂಬ ಸಣ್ಣ ಕುಚ್ಚು, ಮತ್ತು ಆ ಬಾಗು, ಅಗಲವಾದ ಪಟ್ಟಿಗೆ ಮಾತ್ರ ಇರುವ ಬಾಗು. ಇನ್ನೂ ಸ್ವಲ್ಪ ಹೊತ್ತಿಗೆ ಕಾಲಿನ ಒಂದು ಕೊನೆಯ ಗೆಣ್ಣು ಸಿಕ್ಕಿತು. ಕೂದಲಿರಲಿಲ್ಲ. ಮೂರನೇ ಸೀಸೆಯ ಏಡಿಯನ್ನು ಪಕ್ಕಕ್ಕಿಟ್ಟು ನೋಡಿದೆ. ಎರಡು ಸಲ ನೋಡಿದೆ. ಕಣ್ಣು ತೆಗೆದು ಮುಖ ತೊಳೆದುಕೊಂಡು ಬಂದು ಮೂರನೇ ಸಲ ನೋಡಿದೆ.

ಅದೇ.

ಲೇಖನವನ್ನು ಪರಿಶೀಲಿಸಿದ ಇಬ್ಬರಲ್ಲಿ ಒಬ್ಬರು ಹಿಂದೆಯೇ ಒಂದು ಪ್ರಶ್ನೆ ಹಾಕಿದ್ದರು. ಇದು ಬಲಿತ ಹೆಣ್ಣೇ ಎಂದು ಲೇಖಕಿಗೆ ಹೇಗೆ ಗೊತ್ತು? ನಾನು ಅರ್ಧ ಪುಟ ಉತ್ತರ ಬರೆದಿದ್ದೆ. ಚಿಪ್ಪು ಗಟ್ಟಿಯಾಗಿದೆ, ಕಳಚುವ ಯಾವ ಲಕ್ಷಣವೂ ಕಾಣುತ್ತಿಲ್ಲ, ಆದ್ದರಿಂದ ಬಲಿತದ್ದೇ ಎಂದು. ಎಂಥ ಭಾಷೆ, ಎಂಥ ಧಿಮಾಕು! ಹನ್ನೊಂದು ಸಲ ಅಳತೆ ತೆಗೆದಿದ್ದೆ. ಅಳೆದದ್ದೆಲ್ಲ ನಾಳೆ ಕಳಚಿ ಬೀಳಬೇಕಿದ್ದ ಅಂಗಿಯನ್ನು. ಆ ಪುಟ್ಟ ಹೆಣ್ಣು ಹುಳದ ಮನೆಯಲ್ಲಿ ಬಟ್ಟೆ ಬದಲಾಯಿಸುತ್ತಿದ್ದಾಗ ನಾನು ಕೈ ಹಾಕಿ ಹಿಡಿದು ಸ್ಪಿರಿಟ್ಟಿಗೆ ಹಾಕಿದ್ದೆ.

ನನ್ನ ಹೊಸ ಜಾತಿ ಇವತ್ತು ಸತ್ತದ್ದಲ್ಲ. ಅದು ಎಂದೂ ಇರಲೇ ಇಲ್ಲ.

ಬಾಲರಾಜು ಸರ್‌ಗೆ ಫೋನು ಮಾಡಿದೆ. ಬೈಗುಳಕ್ಕೆ ಸಿದ್ಧಳಾಗಿಯೇ ಮಾಡಿದೆ. ಸರ್ ಒಳ್ಳೆಯ ಮನುಷ್ಯ, ಆದರೆ ಕೆಲಸದಲ್ಲಿ ಕಟ್ಟುನಿಟ್ಟು. ಮೊದಲ ವರ್ಷ ಥರ್ಮಾಮೀಟರು ಅರ್ಧ ಡಿಗ್ರಿ ತಪ್ಪು ತೋರಿಸುತ್ತಿತ್ತೆಂದು ನನ್ನ ನಾಲ್ಕು ತಿಂಗಳ ದಾಖಲೆಯನ್ನು ನನ್ನ ಕೈಯಿಂದಲೇ ಹರಿದು ಹಾಕಿಸಿದ್ದರು. ಅವತ್ತು ಅವರ ಮೇಲೆ ಬಂದ ಸಿಟ್ಟು ಆಮೇಲೆ ಗೌರವವಾಯಿತು.

“ಮನೆಗೆ ತಗೊಂಡ್ ಹೋಗಿದ್ಯಾ?” ಎಂದರು ಮೊದಲು. ಕೆಟ್ಟ ಮಾತು ಬರಲಿಲ್ಲ. ನಾನು ಎಲ್ಲವನ್ನೂ ಹೇಳಿದೆ, ಕಲ್ಬತ್ತು, ಚಿಪ್ಪು, ಒಳಗಿದ್ದದ್ದು, ಮೂರನೇ ಸೀಸೆ, ಒಂದನ್ನೂ ಬಿಡದೆ.

“ಚಿಪ್ಪು ಪೂರ್ತಿ ಇದೆಯಾ?”

“ಇದೆ ಸರ್.”

“ಕಾಲುಗಳು?”

“ಎಲ್ಲಾ ಇವೆ. ಯಾಕೆ ಸರ್?”

“ಸರಿ. ಹೊಸ ಸ್ಪಿರಿಟ್ಟಲ್ಲಿ ಹಾಕಿ, ನಾಳೆ ಮ್ಯೂಸಿಯಮ್ಮಿಗೆ ಕಳಿಸ್ಬಿಡು. ನಿನ್ನ ಚಿತ್ರಗಳೆಲ್ಲಾ ಚಿಪ್ಪಿಂದೇ ತಾನೆ? ಹೊಂದುತ್ತೆ. ಕಲ್ಬತ್ತು ತೊಳೆದಿಡು.”

ನಾನು ತಪ್ಪಾಗಿ ಕೇಳಿಸಿಕೊಂಡೆನೇನೋ ಎಂದು, “ಸರ್, ಅದು ಹೊಸ ಜಾತಿ ಅಲ್ಲ,” ಎಂದೆ.

“ಯಾರು ನೋಡಿರೋದು ಅದನ್ನ? ನಿಮ್ಮ ದೊಡ್ಡಮ್ಮ. ಸೌಮ್ಯ, ತಿಂಗಳ ಕೊನೆಗೆ ನಿನ್ನ ಅವಧಿ ಮುಗಿಯುತ್ತೆ. ಪೇಪರ್ ಇಲ್ದೆ ಯೂನಿವರ್ಸಿಟಿಯವರು ಥೀಸಿಸ್ ತಗೊಳಲ್ಲ. ಇನ್ನೊಂದು ಪೇಪರಿಗೆ ಎರಡು ವರ್ಷ ಬೇಕು, ಅಷ್ಟು ಟೈಮ್ ನಿನಗೆ ಯಾರೂ ಕೊಡಲ್ಲ. ನಾನು ನಿನ್ನ ಒಳ್ಳೇದಕ್ಕೆ ಹೇಳ್ತಿದೀನಿ.” ಫೋನಿಟ್ಟರು.

ಹೊಸಿಲ ಮೇಲೆ ಕುಸಿದಾಗ ಆದ ಆಘಾತಕ್ಕಿಂತ ಇದು ದೊಡ್ಡದು. ಅದಕ್ಕಿಂತಲೂ ದೊಡ್ಡದು ಇನ್ನೊಂದು ಆಯಿತು. ಅದನ್ನು ಮುಚ್ಚಿಡುವುದಿಲ್ಲ. ಫೋನು ಕೆಳಗಿಟ್ಟಾಗ ನನ್ನ ಎದೆ ಹಗುರವಾಗಿತ್ತು. ಏನೂ ಆಗಿಲ್ಲ, ಎಲ್ಲ ಸರಿಹೋಯಿತು ಎಂದು ಒಳಗೊಳಗೇ ಯಾರೋ ಕುಣಿಯುತ್ತಿದ್ದರು. ಆ ಯಾರೋ ನಾನೇ ಎಂದು ತಿಳಿಯಿತು. ಆದರೂ ಕೈ ನಿಲ್ಲಿಸಲಿಲ್ಲ. ಪುಟ್ಟ ಸೀಸೆ ತೊಳೆದೆ, ಹೊಸ ಸ್ಪಿರಿಟ್ ಸುರಿದೆ, ಚಿಪ್ಪನ್ನು ಚಿಮುಟದಲ್ಲಿ ಎತ್ತಿ ಮೆಲ್ಲಗೆ ಇಳಿಬಿಟ್ಟೆ. ಅದು ತಳ ಸೇರಿ, ಜೀವವಿದ್ದಾಗ ಕೂರುತ್ತಿದ್ದ ಹಾಗೆ ಕೂತಿತು. ಇದನ್ನು ನೋಡಿದ ಯಾರೂ ಖಾಲಿ ಎಂದು ಹೇಳಲಾರರು.

ದೊಡ್ಡವ್ವ ಗೋಡೆಗೆ ಒರಗಿ ನೋಡುತ್ತಿದ್ದಳು. ಫೋನಿನಲ್ಲಿ ಸರ್ ಆಡಿದ್ದು ಅವಳಿಗೆ ಕೇಳಿಸಿರಲಿಲ್ಲ. “ಕಳ್ಸೀಯಾ ಅದ್ನ?” ಎಂದಳು.

“ಹೂಂ. ಸರಿಹೋಯ್ತು ದೊಡ್ಡವ್ವ. ನೀನು ಬೇಜಾರು ಮಾಡ್ಕಬೇಡ. ಚಿಪ್ಪಿದ್ರೆ ಸಾಕಂತೆ.”

“ಮತ್ತೆ ಹೊಸ ಜಾತಿ ಅಲ್ವಲ್ಲ ಅದು?”

ಇದಕ್ಕೆ ಉತ್ತರ ಕೊಡುವ ಬದಲು ನಾನು ಒಂದು ಜಾಣತನ ಮಾಡಿದೆ. ಸೀಸೆಗೆ ಹಾಕಬೇಕಾದ ಹೊಸ ಚೀಟಿಯನ್ನು ಅವತ್ತೇ ಬೆಳಿಗ್ಗೆ ರಾಮನಗರದಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದಿದ್ದೆ. ಅದನ್ನು ಅವಳ ಮುಂದೆ ಹಿಡಿದೆ. “ಇಲ್ ನೋಡು. ಇದು ಏಡಿ ಹೆಸರು. ಇಂಗ್ಲಿಷಲ್ಲಿ ಬರ್ದವ್ರೆ. ಮೊದಲ್ನೇದು ಕುಲ, ಎರಡ್ನೇದು ಜಾತಿ. ಎರಡ್ನೇದು ಏನು ಗೊತ್ತಾ? ಸಿದ್ದಮ್ಮ. ನಿನ್ನ ಹೆಸರೇ ಇಟ್ಟಿದೀನಿ ಅದಕ್ಕೆ. ಅಚ್ಚಾಗಿ ಬಂದ್ಮೇಲೆ ತೋರ್ಸಾಣ ಅಂತ ಹೇಳಿರ್ಲಿಲ್ಲ.”

ದೊಡ್ಡವ್ವ ಚೀಟಿ ತೆಗೆದುಕೊಂಡಳು. ಯಾವ ಅಕ್ಷರದಿಂದ ಯಾವ ಅಕ್ಷರದವರೆಗೆ ತನ್ನ ಹೆಸರು ಎಂದು ಕೇಳಿ, ನಾನು ತೋರಿಸಿದ ಮೇಲೆ ಅದರ ಮೇಲೆ ಹೆಬ್ಬೆರಳು ಇಟ್ಟಳು. ಬಾ ಎಂದು ದೊಡ್ಡಪ್ಪನನ್ನು ಕೂಗಲು ಬಾಯಿ ತೆರೆದವಳು ಕೂಗಲಿಲ್ಲ.

“ಎಷ್ಟ್ ದಿವ್ಸ ಇರ್ತದೆ ಇದು, ಅಲ್ಲಿ?”

“ದಿವಸ ಅಲ್ಲ ದೊಡ್ಡವ್ವ. ನೂರು ವರ್ಷ, ಇನ್ನೂರು ವರ್ಷ. ನಾವೆಲ್ಲಾ ಹೋದ್ಮೇಲೂ ಇರ್ತದೆ. ಯಾವ್ ದೇಶದೋರು ಹುಳದ ಏಡಿ ಬಗ್ಗೆ ಓದಿದ್ರೂ ನಿನ್ನ ಹೆಸರು ಹೇಳ್ಬೇಕು.”

ಅವಳು ಸೀಸೆಯನ್ನು ಎತ್ತಿ, ಆಗಲೇ ಒಂಬತ್ತನ್ನು ಹಿಡಿದ ಹಾಗೆ ಬೆಳಕಿಗೆ ಹಿಡಿದಳು. ಅಲುಗಾಡಿಸಿದಳು. ಚಿಪ್ಪು ತರಗೆಲೆಯ ಹಾಗೆ ತೇಲಿ ಎದ್ದು, ಮತ್ತೆ ಇಳಿಯಿತು.

“ಒಳ್ಗಡೆ ಏನೂ ಇಲ್ವಲ್ಲವ್ವ ಇದ್ರಲ್ಲಿ,” ಎಂದಳು. “ಇದು ಬ್ಯಾರೆ ಅಲ್ಲ ಅಂತ ನಂಗೂ ಗೊತ್ತು, ನಿಂಗೂ ಗೊತ್ತು. ಮತ್ತೆ ನಾನು ಸತ್ತೋದ್ಮೇಲೂ ಇನ್ನೂರು ವರ್ಷ ಅಲ್ಲಿ ಸುಳ್ ಹೇಳ್ಕಂಡು ಕೂತಿರ್ಬೇಕಾ ನಾನು?”

“ನಿಂಗೇನ್ ಹೋಯ್ತದೆ?” ಎಂದು ರೇಗಿದೆ. ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು. “ಹೋಗೋದು ನಂದು. ಆರ್ ವರ್ಷ ನಂದು. ಅರ್ದಿದ್ದು ನೀನು!”

“ಹೂಂ ಕಣವ್ವ, ಅರ್ದಿದ್ದು ನಾನೇ. ಹೋಗೋದು ನಿಂದೇ. ಬ್ಯಾಡ ಅನ್ನಕ್ಕೆ ನಂಗೆ ಬಾಯಿಲ್ಲ.” ಸೀಸೆಯನ್ನು ಮೇಜಿನ ಮೇಲಿಟ್ಟಳು, ಚೀಟಿಯನ್ನು ಅದರ ಪಕ್ಕ. “ಕಳ್ಸಂಗಿದ್ರೆ ಕಳ್ಸು. ನಾನ್ ಯಾರ್ಗೂ ಹೇಳಾಕಿಲ್ಲ. ನನ್ ಹೆಸ್ರು ಒಂದ್ ತೆಗ್ದ್‌ಬುಡು. ಬ್ಯಾರೆ ಯಾರ್ದಾರ ಹಾಕ್ಕೊ.”

ಹೇಳಿ ಹಿತ್ತಲಿಗೆ ಹೋದಳು. ಹಸು ಕೂಗುತ್ತಿತ್ತು.

ಬೇರೆ ಹೆಸರು ಹಾಕುವುದು ಕಷ್ಟದ ಕೆಲಸವಲ್ಲ. ಅಚ್ಚಿಗೆ ಹೋಗುವವರೆಗೆ ಬದಲಾಯಿಸಬಹುದು, ಒಂದು ಮೇಲ್ ಸಾಕು. ಲ್ಯಾಪ್‌ಟಾಪ್ ತೆಗೆದು ಕೂತೆ. ನಮ್ಮವ್ವ ಶಿವಲಿಂಗಮ್ಮನ ಹೆಸರು ಬರೆದೆ. ಬರೆದು ನೋಡಿದೆ, ತಿಪ್ಪಸಂದ್ರದ ಮನೆಯಲ್ಲಿ ಸೌದೆ ಒಲೆಯ ಮುಂದೆ ಕೂತು ನನ್ನ ಫೀಸಿಗೆಂದು ಹಸು ಮಾರಿದ್ದನ್ನು ಯಾರಿಗೂ ಹೇಳದ ಅವಳ ಮುಖ ಎದುರು ಬಂತು. ಅಳಿಸಿದೆ. ಅಪ್ಪ ವೆಂಕಟಯ್ಯನ ಹೆಸರು ಬರೆದೆ, ಅಳಿಸಿದೆ. ಮೊದಲ ಸಲ ಸಮುದ್ರಕ್ಕೆ ಕರೆದುಕೊಂಡು ಹೋದ ಗೆಳತಿ ಇಕ್ರಾ, ಅಳಿಸಿದೆ. ಬಾಲರಾಜು ಸರ್ ಹೆಸರು ಬರೆದೆ. ಅವರಿಗೆ ತಕ್ಕುದೇ ಎಂದು ಒಂದು ಕ್ಷಣ ಕ್ರೂರವಾಗಿ ನಗು ಬಂತು. ಆಮೇಲೆ ಆ ಹರಿದು ಹಾಕಿಸಿದ ನಾಲ್ಕು ತಿಂಗಳ ದಾಖಲೆ ನೆನಪಾಗಿ ಅದನ್ನೂ ಅಳಿಸಿದೆ. ನನ್ನ ಹೆಸರು ಮಾತ್ರ ಉಳಿಯಿತು. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವ ಪದ್ಧತಿ ಇಲ್ಲ. ಇದ್ದಿದ್ದರೂ ಬರೆಯಲು ಬೆರಳು ಏಳುತ್ತಿರಲಿಲ್ಲ.

ಒಂದು ಸುಳ್ಳಿಗೆ ಇಡಲು ನನ್ನ ಹತ್ತಿರ ಒಂದು ಹೆಸರೂ ಇರಲಿಲ್ಲ.

ಪತ್ರಿಕೆಯ ಸಂಪಾದಕರಿಗೆ ಮೇಲ್ ಬರೆದೆ. ನಾಲ್ಕು ಸಾಲು. ನನ್ನ ಮಾದರಿ ಚಿಪ್ಪು ಕಳಚಲು ಕೂತಿದ್ದ ಎಳೆಯ ಹೆಣ್ಣು. ಅದು ನನ್ನ ಪಟ್ಟಿಯ ಮೂರನೇ ಜಾತಿಗೇ ಸೇರಿದ್ದು, ಹೊಸದಲ್ಲ. ಮಾದರಿಯನ್ನು ನಿಯಮ ಮೀರಿ ಮನೆಗೆ ತಂದವಳು ನಾನು, ಈಗ ಅದರ ಚಿಪ್ಪು ಮತ್ತು ಎರಡು ತುಣುಕು ಮಾತ್ರ ಉಳಿದಿವೆ. ಲೇಖನವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಸರ್‌ಗೂ ಒಂದು ಪ್ರತಿ ಹಾಕಿದೆ. ಬೆರಳು ಗುಂಡಿಯ ಮೇಲೆ ಎಷ್ಟು ಹೊತ್ತು ನಿಂತಿತ್ತೋ ತಿಳಿಯದು. ಒತ್ತಿದೆ. ಇಷ್ಟು ಸಣ್ಣ ಸದ್ದಿಗೆ ಆರು ವರ್ಷ ಹೋಗಬಹುದೆಂದು ನಾನು ನಂಬಿರಲಿಲ್ಲ.

ಹಿತ್ತಲಿಗೆ ಹೋದೆ. ದೊಡ್ಡವ್ವ ಹಸುವಿನ ಮುಂದೆ ಹುಲ್ಲು ಹಾಕಿ, ಅದರ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದಳು.

“ಯಾರ್ ಹೆಸ್ರು ಹಾಕ್ದೆ?” ಎಂದು ಕೇಳಿದಳು, ನನ್ನ ಕಡೆ ತಿರುಗದೆ.

“ಯಾರ್ದೂ ಇಲ್ಲ. ಅದು ಹೊಸದಲ್ಲ ಅಂತ ಬರ್ದು ಕಳ್ಸ್‌ಬುಟ್ಟೆ.”

ಅವಳು ತಿರುಗಿ ನನ್ನನ್ನು ನೋಡಿದಳು. ಮಧ್ಯಾಹ್ನದಿಂದ ನಾನು ಅಷ್ಟೆಲ್ಲ ಅಂದರೂ ಒಂದು ಹನಿ ಹಾಕದಿದ್ದವಳು, ಈಗ ಬಾಯಿಗೆ ಸೆರಗು ಒತ್ತಿಕೊಂಡು, “ಅಯ್ಯೋ ನನ್ ಕೂಸೆ, ನಿನ್ ಓದು ಕಳ್ದ್‌ಬುಟ್ನಲ್ಲೇ,” ಎಂದು ಬಿಕ್ಕಿ ಬಿಕ್ಕಿ ಅಳತೊಡಗಿದಳು. ದೊಡ್ಡಪ್ಪ ಗಾಬರಿಯಿಂದ ಓಡಿ ಬಂದ. ನಾನು ಅವಳನ್ನು ಹಿಡಿದುಕೊಂಡೆ. ಒಳಗೆ ಮೇಜಿನ ಮೇಲೆ ನನ್ನ ಫೋನು ಹೊಡೆದುಕೊಳ್ಳತೊಡಗಿತು. ಸರ್ ಇರಬೇಕು. ಹೊಡೆದುಕೊಳ್ಳಲಿ ಎಂದು ಬಿಟ್ಟು, ದೊಡ್ಡವ್ವನನ್ನು ಹಾಗೇ ಹಿಡಿದುಕೊಂಡು ನಿಂತೆ.